ಮಾತು ಕೂಡುವ ಮೊದಲೇ ದಿಲ್ಲಿ

ಜೈನಾಪುರದ ಹೊಲದ ಪಾಲಿಗೆ ಜಗಳವಾಡಿ ಅವ್ವ, ದೊಡ್ಡವ್ವ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ದಿಲ್ಲಿಯ ಮಗಳ ಮನೆಯಲ್ಲಿ ದೊಡ್ಡವ್ವ ಹಾಸಿಗೆ ಹಿಡಿದ ಸುದ್ದಿ ಬಂದಾಗ, ರೈಲು ತಡವಾದೀತೆಂದು ಅವ್ವನನ್ನು ವಿಜಯಪುರದಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಕರೆದೊಯ್ದು, ಜೊತೆಗೇ ವಿಮಾನ ಹತ್ತಿದೆ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ ಎರಡು ತಾಸಿನಲ್ಲಿ ಮುಗಿಯಿತು. ಎಲ್ಲರೂ ಇಳಿಯತೊಡಗಿದರೂ ಅವ್ವ ಏಳಲಿಲ್ಲ.

“ಇಷ್ಟ ಲಗೂ ಬಂತೇನೋ? ಅಕ್ಕಗ ಏನ್ ಅನ್ಬೇಕಂತ ಇನ್ನೂ ವಿಚಾರನ ಮಾಡಿಲ್ಲೋ ಯಪ್ಪಾ!”

ನಿಲ್ದಾಣದ ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ನಾನು ಅವಸರ ಮಾಡಲಿಲ್ಲ. ಕೊನೆಗೆ ಆಕೆಯೇ ಎದ್ದಳು.

ದೊಡ್ಡವ್ವನ ಮಂಚದ ಬಳಿ ನಿಂತಾಗ ಅವ್ವನಿಗೆ ಹೊಳೆದದ್ದು ಒಂದೇ ಮಾತು: “ಊಟ ಆತೇನ್ ಬೇ ಅಕ್ಕಾ?”

“ಇಲ್ಲ, ನೀ ಬಂದ ಮ್ಯಾಲ ಉಣ್ಣೂನಂತ ಬಿಟ್ಟೇನಿ,” ಎಂದಳು ದೊಡ್ಡವ್ವ.