ಜಿನೋವಾದ ಓಣಿಯಲ್ಲಿ ನಾನು ಹೇಳಿದ ದಾರಿ

ಇಂಥ ಕತೆಗಳನ್ನು ಯಾರಾದರೂ ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು. ಎಲಿಕಾಟ್ ಸಿಟಿಯ ಗೆಳತಿಯೊಬ್ಬಳು ತನ್ನ ಕನಸು ನಿಜವಾದದ್ದನ್ನು ಹೇಳುತ್ತಿದ್ದಾಗ, ನಿಜವಾಗದ ಕನಸುಗಳು ಎಷ್ಟು ಬಿದ್ದಿವೆ ಎಂದು ಕೇಳಿ ಅವಳ ಮುನಿಸು ಕಟ್ಟಿಕೊಂಡಿದ್ದೆ. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಎರಡು ಸಲ ಅಳೆದು ಎರಡು ಸಲವೂ ಒಂದೇ ಉತ್ತರ ಬಂದರೆ ಮಾತ್ರ ನಂಬುವುದು ಅಭ್ಯಾಸವಾಗಿತ್ತು. ಈಗ ಹೇಳಹೊರಟಿರುವುದು ಒಂದೇ ಸಲ ನಡೆದದ್ದು. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾವು ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿದ್ದೆವು. ನಮ್ಮವರು ಭೌತಶಾಸ್ತ್ರದ ಮೇಷ್ಟ್ರು. ಇಟಲಿಯ ಜಿನೋವಾದಲ್ಲಿ ಒಂದು ಸಮ್ಮೇಳನಕ್ಕೆ ಹೊರಟರು. ಶಾಲೆಗೆ ರಜೆಯಿದ್ದುದರಿಂದ ಹದಿನೈದು ವರ್ಷದ ಮಗಳು ಮೇಧಾಳೂ ಜೊತೆಗೆ ಹೋದಳು. ನನಗೆ ರಜೆ ಸಿಗಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಊಟ ತಡವಾದರೆ ಬೆವರಿ, ಮಾತು ತೊದಲಿ, ತಾನು ಎಲ್ಲಿದ್ದೇನೆಂಬುದೇ ಗೊತ್ತಾಗುತ್ತಿರಲಿಲ್ಲ. ಗ್ಲೂಕೋಸ್ ಮಾತ್ರೆಗಳನ್ನು ಮೇಧಾಳ ಬ್ಯಾಗಿನಲ್ಲಿಟ್ಟು, "ಅಪ್ಪನ್ನ ಬಿಟ್ಟು ಎಲ್ಲೂ ಹೋಗ್ಬೇಡ" ಎಂದು ಹೇಳಿ ಕಳಿಸಿದ್ದೆ.

ಸಮ್ಮೇಳನ ಮುಗಿದ ಮರುದಿನ ಶನಿವಾರ. ಅವತ್ತು ಊರು ನೋಡುವುದೆಂದು ಇಬ್ಬರೂ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದರು. ಕಪ್ಪು ಬಿಳಿ ಪಟ್ಟೆಯ ದೊಡ್ಡ ಕೆಥೆಡ್ರಲ್, ಅದರೊಳಗೆ ಯುದ್ಧಕಾಲದಲ್ಲಿ ಬಿದ್ದೂ ಸಿಡಿಯದ ಫಿರಂಗಿ ಗುಂಡು, ಹಳೆಯ ಕೋಟೆಯ ಜೋಡಿಗೋಪುರದ ಬಾಗಿಲು, ಕೊಲಂಬಸನ ಮನೆಯೆಂದು ತೋರಿಸುವ ಪುಟ್ಟ ಕಟ್ಟಡ, ಕೊನೆಗೆ ಬಂದರಿನ ದೀಪಸ್ತಂಭ. ನಾನು ಇಟಲಿಯಲ್ಲಿ ಕಾಲಿಟ್ಟವಳಲ್ಲ. ತಂದಿದ್ದ ಒಂದೇ ಒಂದು ಗೈಡ್ ಪುಸ್ತಕವನ್ನೂ ಓದದೆ ಅವರ ಪೆಟ್ಟಿಗೆಗೆ ಹಾಕಿದ್ದೆ.

ಆ ಶನಿವಾರ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಅಲ್ಲಿ ಮಧ್ಯಾಹ್ನ ಒಂದೂವರೆ.

"ಅಮ್ಮ, ಅಪ್ಪ ಕಾಣಿಸ್ತಿಲ್ಲ. ಐ ಲುಕ್ಡ್ ಎವ್ರಿವೇರ್." ಮೇಧಾ ಅಳುತ್ತಿದ್ದಳು.

ಕೆಥೆಡ್ರಲ್ ನೋಡಿಕೊಂಡು ಹಿಂದಿನ ಓಣಿಗಳಿಗೆ ಇಳಿದಿದ್ದರಂತೆ. ಅವಳು ಪೋಸ್ಟ್‌ಕಾರ್ಡ್ ಕೊಳ್ಳಲು ಅಂಗಡಿಯೊಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಇವರಿಲ್ಲ. ಒಂದು ಗಂಟೆಯಿಂದ ಹುಡುಕುತ್ತಿದ್ದಳು. ಹೋಟೆಲಿಗೂ ಬಂದಿಲ್ಲ. ಊಟ ಆಗಿಲ್ಲ. ಮಾತ್ರೆ ಅವಳ ಬ್ಯಾಗಿನಲ್ಲೇ ಇದೆ. ಅವಳು ಮಾತಾಡುತ್ತಿದ್ದದ್ದು ಅದೇ ಓಣಿಯ ಒಂದು ಕಾಫಿ ಅಂಗಡಿಯ ಫೋನಿನಿಂದ.

ಅಂಗಡಿಯವರಿಗೆ ಹೇಳಿ ಪೊಲೀಸರನ್ನು ಕರೆಸು ಎನ್ನಬೇಕೆಂದು ಬಾಯಿ ತೆರೆದೆ. ಬಂದ ಮಾತು ಬೇರೆ.

"ಎದುರಿಗೆ ಹಸಿರು ಬಾಗಿಲಿನ ಅಂಗಡಿ ಇದೆಯಾ? ಮುಚ್ಚಿರೋದು?"

"ಇದೆ. ಹೌ ಡು ಯು ನೋ?"

"ಅದರ ಪಕ್ಕದ ಓಣೀಲಿ ಇಳಿ. ಕೆಳಗೆ ಮೂಲೇಲಿ ಗೋಡೆ ಮೇಲೆ ಮೇರಿಯಮ್ಮನ ಗೂಡಿದೆ, ಗಾಜು ಒಡೆದಿದೆ. ಅಲ್ಲಿ ಬಲಕ್ಕೆ ತಿರುಗು. ಮೂರನೇ ಬಾಗಿಲು. ಒಳಗೆ ಕಪ್ಪು ಕಲ್ಲಿನ ಮೆಟ್ಟಿಲು. ಅಪ್ಪ ಅಲ್ಲಿ ಕೂತಿದಾರೆ. ಓಡು."

ನನ್ನ ಧ್ವನಿ ತೀರಾ ಮಾಮೂಲಾಗಿತ್ತು, ಮೇಲಿನ ಕಪಾಟಿನಲ್ಲಿ ಬೇಳೆ ಡಬ್ಬವಿದೆ ನೋಡು ಎನ್ನುವ ಹಾಗೆ. ಕಣ್ಣ ಮುಂದೆ ಯಾವ ಚಿತ್ರವೂ ಇರಲಿಲ್ಲ. ಕಂಡದ್ದು ನಮ್ಮ ಸಿಂಕು, ಅದರಲ್ಲಿ ನೆನೆಹಾಕಿದ ಪಾತ್ರೆ, ಅಷ್ಟೇ.

ಮೇಧಾ ಫೋನನ್ನು ಹಾಗೇ ಬಿಟ್ಟು ಓಡಿದಳು. ಕಪ್-ಸಾಸರುಗಳ ಸದ್ದು, ಯಾರೋ ಗಂಡಸು ನಗುವುದು, ಕಾಫಿ ಯಂತ್ರದ ಬುಸುಗುಟ್ಟುವಿಕೆ ಕಿವಿಗೆ ಬೀಳುತ್ತಿದ್ದವು. ಕಾಣದ ಊರಿನಲ್ಲಿ ಮಗಳನ್ನು ಎಲ್ಲಿಗೆ ಕಳಿಸಿದೆ? ಹಲೋ ಹಲೋ ಎಂದು ಕೂಗಿದೆ. ಯಾರೂ ಎತ್ತಲಿಲ್ಲ. ಗಡಿಯಾರ ನೋಡುತ್ತಾ ನಿಂತೆ; ಹನ್ನೆರಡು ನಿಮಿಷವಾಯಿತು, ಹದಿನೈದಾಯಿತು.

"ಅಮ್ಮ, ಸಿಕ್ಕಿದ್ರು." ಮೇಧಾ ಏದುಸಿರು ಬಿಡುತ್ತಿದ್ದಳು. "ಮೆಟ್ಟಿಲ ಮೇಲಿದ್ರು. ಮಾತ್ರೆ ಕೊಟ್ಟೆ. ಈಗ ಜ್ಯೂಸ್ ಕುಡೀತಿದಾರೆ. ಹಿ ಈಸ್ ಓಕೆ."

ಆಮೇಲೆ ಇವರ ಧ್ವನಿ, ಇನ್ನೂ ಸ್ವಲ್ಪ ತೊದಲುತ್ತ: "ಏನೇ, ಇಷ್ಟು ಬೆಳಿಗ್ಗೆ ಎದ್ದಿದೀಯಾ?"

"ಮೊದಲು ಊಟ ಮಾಡಿ ರೀ" ಎಂದೆ. ಫೋನಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಬಹಳ ಹೊತ್ತು ಅತ್ತೆ. ಅಷ್ಟು ಹಗುರವಾದ ಅಳು ಮತ್ತೆ ನನಗೆ ಬಂದಿಲ್ಲ.

ಆ ಬಾಗಿಲಿಗೆ ಹೇಗೆ ಹೋದರೆಂದು ಇವರಿಗೆ ನೆನಪಿರಲಿಲ್ಲ. ನಾನು ಲೈಬ್ರರಿಯಲ್ಲಿ ಜಿನೋವಾದ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ. ಆ ಓಣಿ ಯಾವುದರಲ್ಲೂ ಇರಲಿಲ್ಲ. ಪರಿಚಯದ ಡಾಕ್ಟರ್ ಅಂಕಲ್ ಒಬ್ಬರು, "ಆ ಕಡೆ ಹಳೇ ಊರಲ್ಲೆಲ್ಲ ಹಸಿರು ಬಾಗಿಲು, ಮೇರಿ, ಮೆಟ್ಟಿಲು ಇದ್ದೇ ಇರುತ್ತಮ್ಮ, ನಿನ್ನ ಊಹೆ ಸರಿಹೋಯ್ತು" ಎಂದರು. ಇರಬಹುದು. ಒಡೆದ ಗಾಜನ್ನೂ ಮೂರನೇ ಬಾಗಿಲನ್ನೂ ಊಹಿಸಿದೆನೇ?

ಎರಡು ವರ್ಷದ ನಂತರ ಮೂವರೂ ಅಲ್ಲಿಗೆ ಹೋದೆವು. ಕೆಥೆಡ್ರಲಿನ ಮೆಟ್ಟಿಲ ಬಳಿಯ ಕಲ್ಲಿನ ಸಿಂಹಗಳನ್ನು, ಆ ಸಿಡಿಯದ ಗುಂಡನ್ನು ನೋಡಿದೆ. ಆಮೇಲೆ ಮೇಧಾ ಕಾಫಿ ಅಂಗಡಿಯ ಮುಂದೆ ನಿಲ್ಲಿಸಿ, "ಈಗ ನೀನೇ ಹೋಗು" ಎಂದಳು. ಹಸಿರು ಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದರು. ನನಗೆ ಏನೂ ತಿಳಿಯಲಿಲ್ಲ. ತೋಚಿದ ಓಣಿ ಹಿಡಿದು ನಡೆದು ನೇರ ಬಂದರಿಗೆ ಬಂದುಬಿಟ್ಟೆ. ಹಿಂದಿನಿಂದ ಇಬ್ಬರೂ ನಗುತ್ತ ಬಂದರು.

ಕೊನೆಗೆ ಮೇಧಾಳೇ ಕರೆದುಕೊಂಡು ಹೋಗಿ ತೋರಿಸಿದಳು. ಕಪ್ಪು ಮೆಟ್ಟಿಲ ಮೇಲೆ ಕೂತೆ. ಕಲ್ಲು ತಣ್ಣಗಿತ್ತು. ಮನಸ್ಸಿನಲ್ಲಿ ಏನೂ ಏಳಲಿಲ್ಲ, ಹೆದರಿಕೆಯೂ ಇಲ್ಲ. ಎಲ್ಲಿಂದ ಆ ಮಾತು ನನ್ನ ಬಾಯಿಗೆ ಬಂತೆಂದು ಅಲ್ಲಿ ಕೂತಾಗಲೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ.

"ಅಮ್ಮ, ಇನ್ನೊಂದ್ಸಲ ಹಾಗಾದ್ರೆ ಹೇಳ್ತೀಯಾ?" ಎಂದು ಮೇಧಾ ಕೇಳಿದಳು.

"ನನ್ನನ್ನ ನಂಬ್ಕೋಬೇಡ" ಎಂದೆ. "ಅಪ್ಪನ ಕೈ ಹಿಡ್ಕೊ."

ಅವಳು ಹಿಡಿದುಕೊಂಡಳು. ಅವರ ಇನ್ನೊಂದು ಕೈಯನ್ನು ನಾನು ಹಿಡಿದೆ. ಮೂವರು ಸಾಲಾಗಿ ನಡೆಯುವಷ್ಟು ಅಗಲ ಆ ಓಣಿಗಿರಲಿಲ್ಲ; ಒಬ್ಬರ ಹಿಂದೊಬ್ಬರು, ಕೈ ಬಿಡದೆ, ಊಟಕ್ಕೆ ನಡೆದೆವು.