ಅವ್ವನ ತಲೆದೆಸೆಯ ಗಾಜು

ಸೊಂಟದ ಮೂಳೆ ಮುರಿದು, ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ದಿನವೇ ಅವ್ವ ಮಂಚದ ದಿಕ್ಕಿನ ಬಗ್ಗೆ ಜಗಳ ತೆಗೆದಳು. ಕುಂದಲಹಳ್ಳಿಯ ನಮ್ಮ ಫ್ಲಾಟಿನ ಹಾಲ್‌ಗೆ ಪೂರ್ವದಲ್ಲಿ ಬಾಲ್ಕನಿ. ಮಲಗಿದಲ್ಲಿಂದ ಹೊರಗೆ ಕಾಣಲಿ ಎಂದು ನಾನು ಮಂಚವನ್ನು ಆ ಕಡೆ ಮುಖ ಮಾಡಿ ಹಾಕಿಸಿದ್ದೆ.

"ಸೂರ್ಯಪ್ಪನ ಕಡೆ ಕಾಲು ಚಾಚಿ ಮಲಗಲೇನ? ನಿನ್ನ ಓದಿಸಿದ್ದು ದಂಡ ಆತು ನೋಡ," ಎಂದಳು.

ಉತ್ತರಕ್ಕೆ ತಲೆ ಹಾಕುವ ಮಾತೇ ಇಲ್ಲ. ದಕ್ಷಿಣಕ್ಕೆ ಹಾಕಿದರೆ ಬಚ್ಚಲಿಗೆ ವಾಕರ್ ಹೋಗಲು ದಾರಿಯಿಲ್ಲ. ಕೊನೆಗೆ ಅವಳ ತಲೆ ಪೂರ್ವಕ್ಕೇ ಆಯಿತು. ಮನೆಯಲ್ಲಿ ನೋಡುವಂಥದ್ದು ಏನಾದರೂ ಇದ್ದರೆ ಆ ಬಾಲ್ಕನಿಯ ಆಚೆಗೆ. ಅದು ಅವಳ ತಲೆಯ ಹಿಂದಕ್ಕೆ ಹೋಯಿತು. ಅವಳ ಪಾಲಿಗೆ ಉಳಿದದ್ದು ಸೀಲಿಂಗು, ಫ್ಯಾನು, ಮತ್ತು ನನ್ನ ಸಿಡುಕು ಮೋರೆ. ಕನ್ನಡಿ ಹಿಡಿದು ತೋರಿಸಲು ಹೋದೆ. "ಇದರಾಗ ಬರೇ ನನ್ನ ಮಾರಿ ಕಾಣ್ತೈತಿ, ತಗಿ," ಎಂದಳು.

ಆಮೇಲೆ ಅವಳ ಮಾತು ತಪ್ಪತೊಡಗಿತು. ಮಧ್ಯಾಹ್ನದ ಊಟ ಮುಗಿಸಿ, ಇನ್ನೂ ಯಾಕೆ ದೀಪ ಹಚ್ಚಿಲ್ಲ ಎನ್ನುವಳು. ಒಂದು ದಿನ ನನ್ನನ್ನು ತನ್ನ ತಂಗಿ ಎಂದುಕೊಂಡು, ಎಂದೋ ತೀರಿಹೋದ ಅಜ್ಜನಿಗೆ ರೊಟ್ಟಿ ಕೊಟ್ಟೆಯಾ ಎಂದು ಕೇಳಿದಳು. ಡಾಕ್ಟರಿಗೆ ಹೇಳಿದೆ.

"ವಯಸ್ಸಾದವರಿಗೆ ಆಪರೇಷನ್ ಆದ್ಮೇಲೆ ಹೀಗಾಗತ್ತೆ ಮೇಡಂ," ಎಂದರು ಅವರು. "ಸುಮಾರು ಜನಕ್ಕೆ ಸರಿಹೋಗತ್ತೆ. ಕೆಲವರಿಗೆ ಹಾಗೇ ಉಳ್ಕೊಂಡ್ಬಿಡತ್ತೆ. ಜಾಸ್ತಿ ಅನ್ಸಿದ್ರೆ ತಕ್ಷಣ ಫೋನ್ ಮಾಡಿ."

ನನ್ನನ್ನು ಮಾತಿನಲ್ಲಿ ಸೋಲಿಸುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಅವಳೇ ಹೀಗೆ ಹೋದರೆ ನಾನು ಯಾರ ಜೊತೆ ಜಗಳವಾಡಲಿ?

ಆಫೀಸಿಗೆ ರಜೆ ಹಾಕಿ ಅವಳ ಪಕ್ಕದಲ್ಲಿ ಕೂತವಳಿಗೆ ಕೈಗೊಂದು ಕೆಲಸ ಬೇಕಿತ್ತು. ಅಟ್ಟದ ಮೇಲೆ ಹಳೆಯ ಕಾಲದ ಒಂದು ಮರದ ಕ್ಯಾಮೆರಾ ಇತ್ತು. ಮುಚ್ಚಿಹೋಗುತ್ತಿದ್ದ ಸ್ಟುಡಿಯೋದಿಂದ ಆಸೆಪಟ್ಟು ತಂದದ್ದು. ತಂದ ದಿನ ಅವ್ವ, "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು," ಎಂದು ನಕ್ಕಿದ್ದಳು. ಮುಂದೆ ಲೆನ್ಸು, ನಡುವೆ ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆ, ಹಿಂದೆ ಒಂದು ಮಬ್ಬುಗಾಜು. ಎದುರಿನ ದೃಶ್ಯ ಆ ಗಾಜಿನ ಮೇಲೆ ಬಂದು ಬೀಳುತ್ತದೆ. ಅದನ್ನು ನೋಡಿಕೊಂಡೇ ಫೋಕಸ್ ಮಾಡಬೇಕು. ನನ್ನ ಕ್ಯಾಮೆರಾದ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

ಮೊದಲು ಬಚ್ಚಲ ಕಿಟಕಿಗೆ ಹಾಕುವ ಮಬ್ಬುಗಾಜನ್ನೇ ಕೊಯ್ಯಿಸಿ ತಂದೆ. ಅದರ ತರಿ ಎಷ್ಟು ದಪ್ಪವೆಂದರೆ, ಎದುರಿಗೆ ಇಟ್ಟ ಬಿಂದಿಗೆ ಸಕ್ಕರೆಯಲ್ಲಿ ಹೂತಂತೆ ಕಂಡಿತು. ಹಾಗಾದರೆ ನಾನೇ ಉಜ್ಜುತ್ತೇನೆ ಎಂದು ಹಟ ಬಂತು. ಅವ್ವನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ, ಮೆಟ್ರೋ ಹತ್ತಿ ಪೀಣ್ಯಕ್ಕೆ ಹೋದೆ. ಕಬ್ಬಿಣ ಉಜ್ಜುವ ನುಣ್ಣನೆಯ ಪುಡಿ ಅಲ್ಲಿ ಸಿಗುತ್ತದೆ.

"ಏನಕ್ಕೆ ಮೇಡಂ ಇದು?" ಎಂದು ಅಂಗಡಿಯವನು ಕೇಳಿದ.

"ಗಾಜು ಉಜ್ಜೋಕೆ."

"ಗೀರು ಬಿದ್ದು ಗಾಜು ಹಾಳಾಗೋಗತ್ತೆ ಮೇಡಂ."

"ಹಾಳು ಮಾಡೋಕೇ ಅಣ್ಣ."

ಅವನು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಪೊಟ್ಟಣ ಕಟ್ಟಿದ.

ಫೋಟೋ ಫ್ರೇಮಿಗೆ ಹಾಕುವ ತೆಳು ಗಾಜನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪುಡಿ ಉದುರಿಸಿ, ನೀರು ಚಿಮುಕಿಸಿ, ಮೇಲೊಂದು ಗಾಜಿನ ತುಂಡು ಒತ್ತಿ ಸುತ್ತ ಸುತ್ತ ಉಜ್ಜಿದೆ. ಕರ್ ಕರ್ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಬೂದು ಬಣ್ಣದ ರಾಡಿ ಮೊಣಕೈವರೆಗೂ ಹರಿಯಿತು. ಕೈಯಂತೂ ಕೆಸರಾಯಿತು, ಬಾಯಿಗೆ ಮೊಸರು ಬರುವ ಲಕ್ಷಣ ಕಾಣಲಿಲ್ಲ.

"ಏನ ಅರಿಯಾಕತ್ತೀಯವ್ವಾ ಅವಾಗಿನಿಂದ?" ಹಾಲ್‌ನಿಂದ ಅವ್ವ ಕೂಗಿದಳು. "ಇಷ್ಟೊತ್ತಿಗೆ ಊರಿಗೆಲ್ಲ ಚಟ್ನಿ ಆಗ್ತಿತ್ತು."

ಕೊನೆಗೆ ತೊಳೆದು ಒರೆಸಿ ಬೆಳಕಿಗೆ ಹಿಡಿದೆ. ಗಾಜು ಚಳಿಗಾಲದ ಬೆಳಗಿನ ಹಾಗೆ ತೆಳ್ಳಗೆ, ಒಂದೇ ಸಮ ಮಬ್ಬಾಗಿತ್ತು. ಉಜ್ಜಿದ ಮೈ ಲೆನ್ಸಿನ ಕಡೆಗಿರುವಂತೆ ಹಳೆಯ ಚೌಕಟ್ಟಿನಲ್ಲಿ ಕೂರಿಸಿದೆ.

ಇಳಿಹೊತ್ತಾಗಿತ್ತು. ಹಾಲ್ ಮಂಕಾಗಿತ್ತು, ಬಾಲ್ಕನಿಯ ಆಚೆ ಊರೆಲ್ಲ ಬಿಸಿಲು. ಅವ್ವನ ದಿಂಬಿನ ಹಿಂದೆ ಟೀಪಾಯಿ ಎಳೆದು, ಲೆನ್ಸು ಹೊರಗೆ ನೋಡುವಂತೆ ಕ್ಯಾಮೆರಾ ಇಟ್ಟೆ. ಪರದೆಯ ಸರಳಿಗೆ ಅವ್ವನ ಕರಿ ಕಂಬಳಿ ಇಳಿಬಿಟ್ಟು, ಲೆನ್ಸಿಗಷ್ಟು ಜಾಗ ಬಿಟ್ಟು, ಉಳಿದ ಬೆಳಕನ್ನೆಲ್ಲ ಮುಚ್ಚಿದೆ. ಮೊಣಕಾಲೂರಿ ಗಾಜು ನೋಡುತ್ತ ತಿರುಪು ತಿರುಗಿಸಿದೆ.

ಊರು ಬಂದು ಗಾಜಿನ ಮೇಲೆ ನಿಂತಿತು. ಎಲ್ಲ ತಲೆಕೆಳಗು: ಮೆಟ್ರೋ ಕಂಬಗಳು ಮೇಲಿನಿಂದ ಇಳಿಬಿದ್ದಿದ್ದವು, ಆಕಾಶ ಬುಡದಲ್ಲಿತ್ತು. ಆದರೆ ಹೊಂಗೆ ಮರದ ಎಲೆಗಳು ಅಲುಗುತ್ತಿದ್ದವು! ಯಾರದೋ ತಾರಸಿಯಲ್ಲಿ ಒಣಹಾಕಿದ ಅರಿಶಿನ ಬಣ್ಣದ ಸೀರೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ತಂತಿಯಿಲ್ಲ, ಬ್ಯಾಟರಿಯಿಲ್ಲ. ದಿನವಿಡೀ ಸ್ಕ್ರೀನ್ ನೋಡಿಯೇ ಅನ್ನ ತಿನ್ನುವವಳು ನಾನು. ಇಂಥದ್ದನ್ನು ಜನ್ಮದಲ್ಲಿ ನೋಡಿರಲಿಲ್ಲ. ನಾನು ಕೆರೆದು ಹಾಳು ಮಾಡಿದ ಗಾಜಿನ ಮೇಲೆ ಇಡೀ ಕುಂದಲಹಳ್ಳಿ ಸದ್ದಿಲ್ಲದೆ ಬದುಕುತ್ತಿತ್ತು.

"ಅಯ್ಯ, ರೈಲು ಹೊಂಟೈತಿ ನೋಡ!" ಎಂದಳು ಅವ್ವ. ಮಲಗಿದಲ್ಲೇ ಕುತ್ತಿಗೆ ಹಿಂದಕ್ಕೆ ಬಾಗಿಸಿ ಗಾಜು ನೋಡುತ್ತಿದ್ದಳು.

"ತಲಿಕೆಳಗ ಕಾಣ್ತೈತಲ್ಲ ಅವ್ವಾ?"

"ಯಾವುದು ತಲಿಕೆಳಗ? ನೆಟ್ಟಗ ಐತಿ."

"ಇಲ್ಲವ್ವಾ, ಸರಿ ನೋಡು. ಆಕಾಶ ಕೆಳಗೈತಿ."

"ಆಕಾಶ ಯಾರರ ಮನಿಯಾಗ ಕೆಳಗಿರ್ತೈತೇನ? ಮ್ಯಾಲೇ ಐತಿ. ಗಿಡದ ಕೆಳಗ ಚಾದಂಗಡಿ ಐತಿ."

ಹಗಲು ರಾತ್ರಿ ಆಗಿದೆ, ಮಗಳು ತಂಗಿ ಆಗಿದ್ದಾಳೆ, ಈಗ ಮೇಲು ಕೆಳಗೂ ಹೋಯಿತು. ಡಾಕ್ಟರಿಗೆ ಮಾಡಲೆಂದು ಫೋನ್ ಕೈಗೆತ್ತಿಕೊಂಡೆ. "ಕಣ್ಣು ಬಿಟ್ಟು ನೋಡವ್ವಾ!" ಎಂದು ಒದರಿಯೂ ಬಿಟ್ಟೆ. ಭಯವಾದರೆ ನನಗೆ ಬರುವುದು ಸಿಟ್ಟೇ.

"ನನ್ನ ಮ್ಯಾಲ ಒದರಬ್ಯಾಡ. ಬಾ ಇಲ್ಲಿ, ಮಲಕ್ಕೊಂಡು ನೋಡ."

ಅವಳನ್ನು ಸಮಾಧಾನಪಡಿಸೋಣವೆಂದು ಮಂಚದ ಅಂಚಿನಲ್ಲಿ ಮಲಗಿದೆ. ಅವಳ ತಲೆಯ ಪಕ್ಕ ತಲೆಯಿಟ್ಟು, ಅವಳ ಹಾಗೆಯೇ ಕುತ್ತಿಗೆ ಹಿಂದಕ್ಕೆ ಬಾಗಿಸಿದೆ.

ಊರು ನೆಟ್ಟಗಿತ್ತು. ಆಕಾಶ ಮೇಲಿತ್ತು, ಮರದ ಕೆಳಗೆ ಚಹಾದಂಗಡಿ ಇತ್ತು, ಬಲಗಡೆಯದು ಬಲಕ್ಕೆ, ಎಡಗಡೆಯದು ಎಡಕ್ಕೆ. ಗಾಜು ತಿರುಗಿಸಿದ್ದ ಲೋಕವನ್ನು ಬಾಗಿದ ನಮ್ಮ ತಲೆಗಳು ಮತ್ತೆ ತಿರುಗಿಸಿದ್ದವು. ಈ ಮನೆಯಲ್ಲಿ ನಿಂತವರಿಗೆ, ಕೂತವರಿಗೆ ಅದು ತಲೆಕೆಳಗು. ಸೂರ್ಯನಿಗೆ ಕಾಲು ಚಾಚಲು ಒಪ್ಪದೆ ಮಲಗಿದ್ದವಳಿಗೆ ಮಾತ್ರ ಸರಿ. ಅವ್ವ ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಳು.

ಫೋನ್ ಹಾಸಿಗೆಯ ಮೇಲೆ ಬಿಟ್ಟೆ. ತಡೆಯಲಾಗದೆ ಅತ್ತೆ. ತಲೆ ಹಿಂದಕ್ಕೆ ಬಾಗಿದ್ದರಿಂದ ಕಣ್ಣೀರು ಹಣೆಯ ಕಡೆಗೆ ಹರಿದು ಕೂದಲೊಳಗೆ ಹೋಯಿತು.

"ಅಳೋದಿದ್ರ ಆ ಕಡೆ ಹೋಗಿ ಅಳು," ಎಂದಳು ಅವ್ವ, ಗಾಜಿನಿಂದ ಕಣ್ಣು ತೆಗೆಯದೆ. "ಮಂಚ ಅಳ್ಳಾಡ್ತೈತಿ, ನನಗ ಕಾಣವಲ್ದು."