ಕಾರ್ಲ್ಸ್‌ಬಾಡಿನ ಶಾಲೆಯಲ್ಲಿ ಅತ್ತೆ ಕೇಳಿದ ಪ್ರಶ್ನೆ

ತೊಂಬತ್ತರ ದಶಕದ ನಡುವೆ ಒಂದು ವರ್ಷ ನನಗೆ ಕೆಲಸವಿರಲಿಲ್ಲ. ಕ್ಯಾಲಿಫೋರ್ನಿಯಾದ ರೆಡೊಂಡೊ ಬೀಚಿನ ಹತ್ತಿರ ಉಪಗ್ರಹಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದೆ. ಸರ್ಕಾರದ ಆರ್ಡರುಗಳು ನಿಂತವು. ನಮ್ಮ ವಿಭಾಗಕ್ಕೆ ವಿಭಾಗವೇ ಮನೆಗೆ ಹೋಯಿತು. ಹೆಂಡತಿ ಆಸ್ಪತ್ರೆಯ ಲ್ಯಾಬಿಗೂ ಮಗಳು ಶಾಲೆಗೂ ಹೊರಟ ಮೇಲೆ ಸೆರಿಟೋಸಿನ ನಮ್ಮ ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರೇ: ನಾನು, ಮತ್ತು ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ.

ಅತ್ತೆ ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಅಮೆರಿಕದವರು ಬಾಯಿ ಬಿಟ್ಟರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನನ್ನ ಕೆಲಸ ಹೋದ ಮರುದಿನವೇ ಅವರು ನನಗೊಂದು ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದರು. ಎಂಟರಿಂದ ಒಂಬತ್ತು ಅರ್ಜಿ ಬರೆಯುವುದು. ಒಂಬತ್ತರಿಂದ ಹತ್ತು ನಡಿಗೆ. ಹತ್ತೂಕಾಲಿಗೆ ಚಹಾ, ಅದೂ ಅರ್ಧ ಕಪ್ಪು. ಇದನ್ನು ನೋಡಿದ ನನ್ನ ಮಂಗಳೂರಿನ ಗೆಳೆಯ, ರೆಡೊಂಡೊ ಬೀಚಿನಲ್ಲಿ ಮನೆ ಮಾಡಿದ್ದವನು, ಅತ್ತೆಗೆ ಆ ಜರ್ಮನ್ ಸರ್ವಾಧಿಕಾರಿಯ ಹೆಸರನ್ನೇ ಇಟ್ಟುಬಿಟ್ಟ. ತುಂಡು ಮೀಸೆಯವನ ಹೆಸರು. ಅದನ್ನಿಲ್ಲಿ ಬರೆಯಲು ಈಗ ಮನಸ್ಸಾಗುವುದಿಲ್ಲ, ಯಾರೆಂದು ನಿಮಗೆ ಗೊತ್ತು. ಆಗ ನಮಗದು ದೊಡ್ಡ ತಮಾಷೆ. ನಾನು ಓದಿದ ಹಾಸ್ಟೆಲಿನ ವಾರ್ಡನ್ನಿಗೂ ಅದೇ ಹೆಸರು, ಗಣಿತದ ಮೇಷ್ಟರಿಗೂ ಅದೇ ಹೆಸರು. ಶಿಸ್ತಿನವರಿಗೆಲ್ಲ ನಾವು ಪುಕ್ಕಟೆಯಾಗಿ ಕೊಡುತ್ತಿದ್ದ ಬಿರುದು ಅದು.

ಒಂದು ದಿನ ಮಗಳ ಶಾಲೆಯಿಂದ ಚೀಟಿ ಬಂತು. ಬದುಕುಳಿದ ವೃದ್ಧೆಯೊಬ್ಬರು ಬಂದು ಮಕ್ಕಳೊಡನೆ ಮಾತನಾಡಲಿದ್ದಾರೆ, ಅವರಿಗೆ ಈಗ ಡ್ರೈವ್ ಮಾಡಲು ಆಗುವುದಿಲ್ಲ, ಲಾಸ್ ಏಂಜಲೀಸಿನ ಮನೆಯಿಂದ ಕರೆತರಲು ಹಗಲು ಬಿಡುವಿರುವ ಪೋಷಕರೊಬ್ಬರು ಬೇಕು ಎಂದಿತ್ತು. ನನ್ನಷ್ಟು ಹಗಲು ಬಿಡುವಿದ್ದವರು ಇಡೀ ಸೆರಿಟೋಸಿನಲ್ಲಿ ಇರಲಿಲ್ಲ. ಆಗ ಲಾಸ್ ಏಂಜಲೀಸಿನ ದೊಡ್ಡ ಭೂಕಂಪವಾಗಿ ವರ್ಷ ತುಂಬಿರಲಿಲ್ಲ. ಬದುಕುಳಿದವರು ಎಂದಾಗ ನನಗೆ ಹೊಳೆದದ್ದು ಒಂದೇ ಅರ್ಥ.

ಮನೆಯ ಬಾಗಿಲಲ್ಲಿ ನಿಂತಿದ್ದವರು ಸಣ್ಣಗೆ, ನೆಟ್ಟಗೆ ಇದ್ದ ಎಪ್ಪತ್ತರ ಹತ್ತಿರದ ಹೆಂಗಸು. ಕೆಂಪು ಲಿಪ್‌ಸ್ಟಿಕ್, ಕೈಯಲ್ಲಿ ತಮ್ಮದೇ ಮೆತ್ತೆ. ನನ್ನ ಕಾರಿನ ಸೀಟು ಹೇಗಿರುತ್ತದೋ ಎಂಬ ಅನುಮಾನದಿಂದ ತಂದದ್ದು. ಫ್ರೀವೇ ಹತ್ತಿದ ಮೇಲೆ ನಾನು ಮರ್ಯಾದೆಯಿಂದ ಮಾತು ತೆಗೆದೆ. ಇಂಗ್ಲಿಷಿನಲ್ಲಿ ನಡೆದ ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ.

“ಆಗ ನೀವು ಎಷ್ಟನೇ ಮಹಡಿಯಲ್ಲಿದ್ರಿ?”

ಆಕೆ ಸ್ವಲ್ಪ ಯೋಚಿಸಿದರು. “ಎರಡನೇ ಮಹಡಿ. ಬೆಳಗ್ಗೆ ನಮ್ಮನ್ನೆಲ್ಲ ಹೊರಗೆ ಹಾಕಿದರು.”

“ಹೊರಗೆ ಬಂದದ್ದೇ ಒಳ್ಳೇದಾಯ್ತು. ಬಯಲಲ್ಲಿ ನಿಲ್ಲಬೇಕು ಅಂತಾರೆ.”

“ನಿಲ್ಲಿಸಿದರು. ಎರಡು ದಿನ ಬಯಲಲ್ಲೇ ನಿಲ್ಲಿಸಿದರು. ಆಮೇಲೆ ರೈಲಿಗೆ ತುಂಬಿದರು.”

“ರೈಲಿಗಾ? ಲಾಸ್ ಏಂಜಲೀಸಿನಲ್ಲಿ ಯಾವ ರೈಲು?”

ಆಕೆ ಸೀಟ್‌ಬೆಲ್ಟಿನೊಳಗೇ ಇಡೀ ದೇಹ ತಿರುಗಿಸಿ ನನ್ನನ್ನು ನೋಡಿದರು. “ನಾನು ಯಾರು ಅಂತ ಹೇಳಿ ನಿಮ್ಮನ್ನ ಕಳಿಸಿದ್ದಾರೆ?”

ನಾನು ಭೂಕಂಪದ ವಿಷಯ ಹೇಳಿದೆ. ಅವರು ನಗಲು ಶುರುಮಾಡಿದವರು ಎರಡು ಎಕ್ಸಿಟ್ ದಾಟಿದರೂ ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಂಡು, ತಾನು ಹಂಗೇರಿಯ ಯಹೂದಿ, ಹದಿನಾರನೇ ವಯಸ್ಸಿನಲ್ಲಿ ಮನೆಮಂದಿಯೊಡನೆ ನಾಜಿಗಳ ಸಾವಿನ ಶಿಬಿರಕ್ಕೆ ಹೋದವಳು, ಹೊರಗೆ ಬಂದದ್ದು ತಾನೊಬ್ಬಳೇ ಎಂದು ಹೇಳಿದರು. ನನಗೆ ಸ್ಟೀರಿಂಗಿನೊಳಗೆ ತಲೆ ಹುದುಗಿಸಿಕೊಳ್ಳಬೇಕು ಎನಿಸಿತು. ಅರವತ್ತೈದು ಮೈಲಿ ವೇಗದಲ್ಲಿ ಅದು ಸಾಧ್ಯವಿರಲಿಲ್ಲ.

ಆ ದಿನ ಮಗಳ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಅವರ ಮಾತು ಕೇಳಿದೆ. ಸಂಜೆ ಮಗಳು, “ಡ್ಯಾಡ್, ಯೂ ರಿಯಲಿ ಡಿಡ್ನ್ಟ್ ನೋ?” ಎಂದಳು. ನಾಜಿಗಳು ಕೊಂದ ಯಹೂದಿಗಳು ಅರವತ್ತು ಲಕ್ಷ ಎಂಬ ಅಂಕಿ ಗೊತ್ತಿತ್ತು. ಉಡುಪಿಯ ಶಾಲೆಯಲ್ಲಿ ನದಿಗಳ ಉದ್ದದ ಜೊತೆ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಒಂದು ಅಂಕ ಬಂದಿತ್ತು. ಮಗಳಿಗೆ ಅದನ್ನು ಹೇಳಲಿಲ್ಲ.

ಅಲ್ಲಿಂದ ನಾನು ಅವರ ಕಾಯಂ ಡ್ರೈವರ್ ಆದೆ. ಎಲ್ಲ ಶಾಲೆಗಳಲ್ಲೂ ನನ್ನನ್ನು “ಇವರು ನನ್ನ ಭೂಕಂಪ” ಎಂದೇ ಪರಿಚಯಿಸುತ್ತಿದ್ದರು. ನನ್ನ ಡ್ರೈವಿಂಗ್ ಅವರಿಗೆ ಒಂದು ದಿನವೂ ಒಪ್ಪಿಗೆಯಾಗಲಿಲ್ಲ.

ಕೆಲವು ವಾರಗಳ ನಂತರ ಸ್ಯಾನ್ ಡಿಯಾಗೋ ಕಡೆಯ ಕಾರ್ಲ್ಸ್‌ಬಾಡಿನ ಹೈಸ್ಕೂಲೊಂದರಿಂದ ಕರೆ ಬಂತು. ಅಲ್ಲಿ ಯಹೂದಿ ಹುಡುಗಿಯೊಬ್ಬಳ ಲಾಕರಿನ ಮೇಲೆ ಯಾರೋ ಹೊಲಸು ಮಾತು ಗೀಚಿದ್ದರು. ನರಮೇಧವೆಲ್ಲ ಕಟ್ಟುಕಥೆ ಎಂದು ಕೆಲವರು ಕ್ಲಾಸಿನಲ್ಲೇ ವಾದಿಸಿದ್ದರಂತೆ. ಹೋಗಿ ಬರಲು ಇಡೀ ದಿನ ಬೇಕು. ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲ. ಹಿಂದಿನ ವಾರ ನಾನಿಲ್ಲದಾಗ ಅವರು ಮೆಣಸಿನಕಾಯಿ ಒಗ್ಗರಣೆ ಹಾಕಿ, ಸ್ಮೋಕ್ ಅಲಾರ್ಮ್ ಹೊಡೆದುಕೊಂಡು, ಪಕ್ಕದ ಮನೆಯವರು ಫೋನ್ ಮಾಡಿ ಅಗ್ನಿಶಾಮಕದವರಿಬ್ಬರು ಬಂದಿದ್ದರು. ಅತ್ತೆ ಬಾಗಿಲಿಗೆ ಅಡ್ಡ ನಿಂತು ಇಬ್ಬರಿಂದಲೂ ಬೂಟು ಬಿಚ್ಚಿಸಿಯೇ ಒಳಗೆ ಬಿಟ್ಟಿದ್ದರು.

ಹಾಗಾಗಿ ಅತ್ತೆ ಹಿಂದಿನ ಸೀಟಿನಲ್ಲಿ, ಆ ವೃದ್ಧೆ ಮುಂದೆ. ಧಾರವಾಡದ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕಾರು ಎನ್ನುತ್ತಾರೆ. ಊರೂರಿಗೆ ಹೋಗಿ ಪಾಠ ಹೇಳುವವರು ಎಂದು ತಿಳಿದ ಕ್ಷಣದಿಂದ ಅತ್ತೆ ಆಕೆಯನ್ನು ಅಕ್ಕಾರು ಎಂದೇ ಕರೆದರು. ಅರ್ವೈನ್ ದಾಟುತ್ತಿದ್ದಂತೆ ಡಬ್ಬಿ ತೆರೆದು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಮುಂದಕ್ಕೆ ಚಾಚಿದರು. ಆಕೆ ಎರಡು ರೊಟ್ಟಿ ತಿಂದು, ಮಡಿಲಿಗೆ ಬಿದ್ದ ಚೂರನ್ನೂ ಬೆರಳಿನಿಂದ ಒತ್ತಿ ಎತ್ತಿ ಬಾಯಿಗೆ ಹಾಕಿಕೊಂಡರು. ನನಗೆ ಸಂತೋಷ ತಡೆಯಲಾಗಲಿಲ್ಲ. ಆ ಸಂತೋಷದಲ್ಲೇ ಬಾಯಿ ಜಾರಿತು.

“ನಮ್ಮ ಅತ್ತೆ ಬಹಳ ಸ್ಟ್ರಿಕ್ಟು. ನಮ್ಮ ಗೆಳೆಯರೆಲ್ಲ ಇವರನ್ನ ಏನಂತ ಕರೀತಾರೆ ಗೊತ್ತಾ?” ಎಂದು ಆ ಹೆಸರು ಹೇಳಿದೆ.

ಆಕೆ ಕೈಯೊರೆಸಿಕೊಂಡು ರಸ್ತೆ ನೋಡಿದರು. ಒಂದು ಮೈಲಿ ಹೋಯಿತು.

“ಇವರು ಎಷ್ಟು ಜನರನ್ನ ಕೊಂದಿದ್ದಾರೆ?” ಎಂದು ಆಕೆ ಕೇಳಿದರು.

“ಯಾರನ್ನೂ ಇಲ್ಲ. ಟೈಮ್‌ಟೇಬಲ್ ಬರೀತಾರೆ, ಅಷ್ಟೇ.”

“ಟೈಮ್‌ಟೇಬಲ್ ಅವರೂ ಬಹಳ ಚೆನ್ನಾಗಿ ಬರೀತಿದ್ದರು,” ಎಂದರು ಆಕೆ. “ನಮ್ಮ ರೈಲಿಗೂ ಒಂದು ಇತ್ತು.”

ಹಿಂದಿನಿಂದ ಅತ್ತೆ ಮುಂದಕ್ಕೆ ಬಾಗಿದರು. “ಅಲ್ರೀ, ಅಕ್ಕಾರು ಯಾಕ ಸುಮ್ಮಾದ್ರು? ನೀವು ಏನಂದ್ರಿ?”

“ಏನಿಲ್ಲ ಅತ್ತೆ.”

“ಏನಿಲ್ಲದಕ್ಕ ಯಾರೂ ಹಂಗ ಸುಮ್ಮ ಆಗೂದಿಲ್ಲ. ಹೇಳ್ರಿ.”

ಆಕೆ ನನ್ನ ತೋಳು ತಟ್ಟಿ, “ಹೇಳಿ, ಹೇಳಿ. ಪೂರ್ತಿ ಅನುವಾದ ಮಾಡಿ,” ಎಂದರು. ಒಬ್ಬರಿಗೆ ಹೆದರಿ ಇನ್ನೊಬ್ಬರ ಮುಂದೆ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅತ್ತೆ ರೊಟ್ಟಿಯ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು.

“ಅದಕ್ಕೇನು ನಿಮ್ಮ ಗೆಳ್ಯಾರು ನನ್ನ ನೋಡಿ ನಗ್ತಿದ್ರು? ನಾ ಅವರಿಗೆ ನನ್ನ ಉಂಡಿ ಭಾಳ ಸೇರ್ಯಾವ ಅಂತ ತಿಳಕೊಂಡಿದ್ದೆ,” ಎಂದರು. ಆಮೇಲೆ, “ಅಕ್ಕಾರಿಗೆ ನನ್ನ ಪರವಾಗಿ ತಪ್ಪಾತು ಅಂತ ಹೇಳ್ರಿ. ನಿಮ್ಮ ಪರವಾಗಿ ನೀವಽ ಹೇಳ್ರಿ,” ಎಂದರು. ಎರಡನ್ನೂ ಹೇಳಿದೆ. ಆಕೆ ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ಶಾಲೆಯ ಹಾಲ್ ತುಂಬಿತ್ತು. ಆಕೆ ನಲವತ್ತು ನಿಮಿಷ ಮಾತಾಡಿದರು. ನಾನು ಹಿಂದೆ ಕುಳಿತು ಅತ್ತೆಯ ಕಿವಿಯಲ್ಲಿ ಕನ್ನಡಕ್ಕೆ ಹೇಳುತ್ತಾ ಹೋದೆ. ಮಾತು ಮುಗಿದ ಮೇಲೆ ಪ್ರಶ್ನೆಗಳಿವೆಯೇ ಎಂದು ಶಿಕ್ಷಕರು ಕೇಳಿದರು. ಮಕ್ಕಳು ನೆಲ ನೋಡಿದರು. ಕೆಲವರು ನಿಜವಾಗಿಯೂ ಅಳುಕಿ, ಕೆಲವರು ಊಟದ ಬೆಲ್ಲಿಗೆ ಕಾಯುತ್ತ. ಪಾಠ ಮುಗಿದ ಮೇಲೆ ಕ್ಲಾಸು ಸುಮ್ಮನಿರುವುದು ಅತ್ತೆಯ ಮಟ್ಟಿಗೆ ಪಾಠ ಹೇಳಿದವರಿಗೆ ಮಾಡುವ ಅವಮಾನ. ಅವರು ಕೈ ಎತ್ತಿದರು.

“ಅತ್ತೆ, ಕೈ ಇಳಿಸಿ,” ಎಂದು ಪಿಸುಗುಟ್ಟಿದೆ. ಅವರು ಎದ್ದೇ ನಿಂತರು.

“ಅಕ್ಕಾರ, ನಿಮ್ಮ ತಾಯಿ ಹಬ್ಬಕ್ಕ ಏನ ಅಡಗಿ ಮಾಡ್ತಿದ್ರು?”

ಇಡೀ ಹಾಲ್ ತಿರುಗಿ ನೋಡಿತು. ನಾನು ಎದ್ದು ನಿಂತು, ಕಿವಿ ಬಿಸಿಯಾಗಿ, ಅನುವಾದಿಸಿದೆ. ಆಕೆ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

ಬೇಯಿಸಿದ ಶಾವಿಗೆಗೆ ಗಸಗಸೆ ಅರೆದು, ಸಕ್ಕರೆ ಬೆರೆಸಿ ಉದುರಿಸುತ್ತಿದ್ದರು ಎಂದರು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಸಿದ ಪುಟ್ಟ ಗಿರಣಿಯಿತ್ತಂತೆ, ಹಿಡಿಕೆ ತಿರುಗಿಸುವುದು ಇವರ ಕೆಲಸ. ತಿಂದ ಮೇಲೆ ಅಪ್ಪ ಹಲ್ಲಿನ ತುಂಬ ಕಪ್ಪು ಕಾಳು ಅಂಟಿಸಿಕೊಂಡು ಮಕ್ಕಳನ್ನು ಹೆದರಿಸಲು ಬಾಯಿ ಅಗಲಿಸಿ ನಗುತ್ತಿದ್ದರಂತೆ. ಮಕ್ಕಳು ನಕ್ಕರು. ನಾನು ಅತ್ತೆಗೆ ಹೇಳಿದೆ.

“ಕರೀ ಗಸಗಸಿ?” ಅತ್ತೆಗೆ ಆಶ್ಚರ್ಯ. “ನಮ್ಮಲ್ಲೆ ಬಿಳೇದು. ಪಾಯಸಾ ಮಾಡ್ತೀವಿ. ಅರಿಯೂಕಿಂತ ಮೊದಲ ಹುರೀತಿದ್ರೇನು, ಕೇಳ್ರಿ.”

ಕೇಳಿದೆ. “ಹುರಿಯೋದಾ? ಹುರಿದರೆ ಕಹಿಯಾಗುತ್ತೆ!” ಎಂದರು ಆಕೆ.

“ಹುರೀಲಿಲ್ಲಂದ್ರ ಘಮ ಎಲ್ಲಿಂದ ಬರಬೇಕು?” ಎಂದರು ಅತ್ತೆ.

ನರಮೇಧದ ಬಗ್ಗೆ ತಿಳಿಸಲು ಸೇರಿದ ಸಭೆಯಲ್ಲಿ ನಾನು ನಡುವೆ ನಿಂತು ಗಸಗಸೆ ಹುರಿಯಬೇಕೋ ಬೇಡವೋ ಎಂಬ ಜಗಳವನ್ನು ಎರಡೂ ಕಡೆಗೆ ಸಾಗಿಸುತ್ತಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ, ಗಸಗಸೆ ಎಂದರೆ ಅಫೀಮಿನ ಗಿಡದ್ದೇ ಅಲ್ಲವೇ ಎಂದು ಕೇಳಿದ. ನಿದ್ದೆಯಲ್ಲಿದ್ದವರೆಲ್ಲ ಎಚ್ಚರಾದರು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಅಲುಗಾಡಿದರು. “ಅದೇ ಗಿಡ. ಆದರೆ ನಮ್ಮಮ್ಮನ ಶಾವಿಗೆ ತಿಂದು ಯಾರಿಗೂ ಅಮಲೇರಲಿಲ್ಲ, ದಪ್ಪ ಆದರು ಅಷ್ಟೇ,” ಎಂದರು ಆಕೆ.

ನಗು ಇಳಿಯುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದಳು, “ಆ ಗಿರಣಿ ಏನಾಯ್ತು?”

ಯುದ್ಧ ಮುಗಿದ ಮೇಲೆ ಊರಿಗೆ ಹೋಗಿದ್ದೆ ಎಂದರು ಆಕೆ. ಮನೆಯಲ್ಲಿ ಬೇರೆಯವರಿದ್ದರು. ಬಾಗಿಲು ತೆರೆದ ಹೆಂಗಸಿನ ಹಿಂದೆ ಅಡುಗೆಮನೆ ಕಾಣುತ್ತಿತ್ತು. ಗಿರಣಿ ಅದೇ ಮೇಜಿಗೆ ಬಿಗಿದೇ ಇತ್ತು. “ಅದನ್ನ ಕೊಡಿ ಅಂತ ಕೇಳೋಕೆ ಹೋಗಿದ್ದೆ. ಸ್ವಲ್ಪ ನೀರು ಕೊಡಿ ಅಂತ ಕೇಳಿ ಬಂದೆ.”

ಆಮೇಲೆ ಕೈಗಳು ಒಂದರ ಹಿಂದೊಂದು ಎದ್ದವು. ಪಕ್ಕದ ಮನೆಯವರು ನಿಮ್ಮನ್ನು ಕರೆದೊಯ್ಯುವಾಗ ಏನು ಮಾಡಿದರು? ನಿಮ್ಮ ಗೆಳತಿಯರು? ನಿಮಗೆ ಮೊದಲು ಕೆಟ್ಟ ಮಾತಾಡಿದವರು ಯಾರು, ಆಗ ಸುತ್ತ ಇದ್ದವರು ಸುಮ್ಮನಿದ್ದರೇ? ಊಟದ ಬೆಲ್ ಹೊಡೆಯಿತು, ಮಕ್ಕಳು ಏಳಲಿಲ್ಲ. ಲಾಕರಿನ ಹುಡುಗಿ ಕೊನೆಗೆ ಬಂದು ಆಕೆಯ ಪಕ್ಕ ಸುಮ್ಮನೆ ನಿಂತಳು.

ವಾಪಸ್ ಬರುವಾಗ ಆಕೆ ಹಿಂದಿನ ಸೀಟಿಗೆ ಹೋಗಿ ಅತ್ತೆಯ ಪಕ್ಕ ಕುಳಿತರು. “ಎಲ್ಲರೂ ಅಮ್ಮ ಹೇಗೆ ಸತ್ತಳು ಅಂತ ಕೇಳ್ತಾರೆ,” ಎಂದು ನನಗೆ ಹೇಳಿದರು. ಅತ್ತೆಗೆ ಅದನ್ನು ಅನುವಾದಿಸೋಣವೆಂದು ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ತಲೆ ವಾಲಿಸಿ ನಿದ್ದೆ ಹೋಗಿದ್ದರು. ಆಕೆ ನನ್ನ ಡ್ರೈವಿಂಗಿನಲ್ಲಿ ಕಣ್ಣು ಮುಚ್ಚಿದ್ದು ಅದೇ ಮೊದಲು.

ಯುಗಾದಿ ಊಟಕ್ಕೆ ಒಂದಷ್ಟು ಕನ್ನಡದವರು ನಮ್ಮ ಮನೆಯಲ್ಲಿ ಸೇರಿದ್ದೆವು. ಮಾತು ಊರಿನ ರಾಜಕೀಯಕ್ಕೆ ಹೊರಳಿದಾಗ ಮಂಗಳೂರಿನ ಗೆಳೆಯ, “ಏನೇ ಹೇಳಿ ಮಾರಾಯ್ರೆ, ಶಿಸ್ತು ಅಂದ್ರೆ ಆ ಜರ್ಮನಿಯವನದ್ದು. ನಮ್ಮ ದೇಶಕ್ಕೆ ಅಂಥವ ಒಬ್ಬ ಐದು ವರ್ಷ ಬೇಕಿತ್ತು,” ಎಂದ. ಈ ಮಾತಿಗೆ ನಾನೇ ಎಷ್ಟೋ ಸಲ ತಲೆಯಾಡಿಸಿದ್ದೆ. ಈಗ ಏನು ಹೇಳಬೇಕೆಂದು ಹುಡುಕುತ್ತಿರುವಾಗ ಅತ್ತೆ ಹೋಳಿಗೆ ಬಡಿಸುವುದು ನಿಲ್ಲಿಸಿದರು.

“ನಿಮಗ ಗುರುವಾರ ರಜಾ ಸಿಗತದೇನ್ರಿ?”

“ತಗೊಳ್ಬಹುದು ಆಂಟಿ. ಯಾಕೆ?”

“ಇವರಿಗೆ ಅವತ್ತ ಇಂಟರ್‌ವ್ಯೂ ಅದ. ನಮ್ಮ ಅಕ್ಕಾರನ್ನ ಸ್ಯಾನ್ ಡಿಯಾಗೋದ ಒಂದು ಸಾಲಿಗೆ ಕರಕೊಂಡು ಹೋಗಬೇಕು. ನೀವು ಹೋಗ್ರಿ. ಹಿಂದ ಕೂತು ಪೂರ್ತಿ ಕೇಳ್ರಿ. ಸಂಜಿಗೆ ನನಗ ಫೋನ್ ಮಾಡಿ ಏನ ಕೇಳಿದ್ರಿ ಅಂತ ಹೇಳ್ರಿ.”

ಮೂವತ್ತೆಂಟು ವರ್ಷದ ಅವನು ಶಾಲಾ ಹುಡುಗನಂತೆ “ಆಯ್ತು ಆಂಟಿ” ಎಂದ.

ಗುರುವಾರ ಸಂಜೆ ಫೋನ್ ಬಂತು. ಇಂಟರ್‌ವ್ಯೂ ಹೇಗಾಯಿತೆಂದು ಅವನು ಕೇಳಲಿಲ್ಲ.

“ಅವರಿಗೊಬ್ಬ ತಮ್ಮ ಇದ್ದನಂತೆ,” ಎಂದ. “ಏಳು ವರ್ಷದವ. ನಿನಗೆ ಗೊತ್ತುಂಟಾ?”

“ಗೊತ್ತುಂಟು.”

“ನನ್ನ ಮಗನಿಗೂ ಏಳು.” ಎಂದ ಅವನು. “ಆಂಟಿಗೆ ಕೊಡು.”

ಅತ್ತೆ ಫೋನ್ ತೆಗೆದುಕೊಂಡು ಬಹಳ ಹೊತ್ತು ಕೇಳಿಸಿಕೊಂಡರು. ನಡುನಡುವೆ “ಹೂಂ” ಎನ್ನುತ್ತಿದ್ದರು. ಕೊನೆಗೆ ಅವರು ಕೇಳಿದ್ದು ಇಷ್ಟೇ: “ನೀವು ಊಟಾ ಮಾಡೀರಿಲ್ಲೋ?”